ಹೆಬ್ಬೆಟ್ಟು ಮಡಚುವ ಕೈ

ಫೆನ್ಸಿಂಗ್ ಕತ್ತಿ ಹಿಡಿಯೋದು ಹೆಂಗೆ ಅಂತ ಈಗಲೂ ಯಾರಾದರೂ ಕೇಳಲಿ, ನಿಂತ ಕಾಲಲ್ಲೇ ಹೇಳಿಬಿಡ್ತೀನಿ. ಹೆಬ್ಬೆಟ್ಟು ಹಿಡಿಯ ಮೇಲೆ ಚಪ್ಪಟೆಯಾಗಿ ಮಲಗಬೇಕು. ತೋರುಬೆರಳು ಕೆಳಗಿಂದ ಬಂದು ಅದಕ್ಕೆ ಎದುರು ನಿಲ್ಲಬೇಕು. ತುದಿ ಎತ್ತ ಹೋಗಬೇಕು ಅಂತ ತೀರ್ಮಾನ ಮಾಡೋದು ಈ ಎರಡೇ ಬೆರಳು. ಉಳಿದ ಮೂರು ಸುಮ್ಮನೆ ಜೊತೆಗಿದ್ದು, ಚುಚ್ಚೋ ಗಳಿಗೆಯಲ್ಲಿ ಮಾತ್ರ ಬಿಗಿಯಾಗಬೇಕು. ಇಷ್ಟೇ. ನನಗೆ ಬಾಯಿಪಾಠ. ಕೈಗೆ ಮಾತ್ರ ಬರಲಿಲ್ಲ.

ಕಲಿತದ್ದು ಶ್ರೀರಂಗಪಟ್ಟಣದಲ್ಲಿ, ಒಂದು ಶಾಲೆಯ ಹಳೇ ಸಭಾಂಗಣದಲ್ಲಿ. ಪಾಂಡವಪುರದ ಪಕ್ಕದ ನಮ್ಮೂರಿಂದ ಶನಿವಾರ, ಭಾನುವಾರ ಬಸ್ಸಿಗೆ ಹೋಗುತ್ತಿದ್ದೆ. ಕಲಿಸುತ್ತಿದ್ದ ಮೇಷ್ಟ್ರ ಮನಸ್ಸು ಒಳ್ಳೇದು, ಬಾಯಿ ಕೆಟ್ಟದ್ದು. ನನ್ನ ಕಾಲಿನ ಓಟ ನೋಡಿ ಹಿಗ್ಗಿದವರು ಕೈ ನೋಡಿ ತಲೆ ಚಚ್ಚಿಕೊಂಡರು. ಎದುರಿನವರು ಮೈಮೇಲೆ ಬಂದರೆ ಸಾಕು, ನನ್ನ ಹೆಬ್ಬೆಟ್ಟು ಒಳಕ್ಕೆ ಮಡಚಿಕೊಳ್ಳೋದು, ಕತ್ತಿ ಹಿಡಿತ ತಪ್ಪೋದು. ಅಂಟುಪಟ್ಟಿ ಸುತ್ತಿ ನೋಡಿದರು, ಬೈದು ನೋಡಿದರು. ಕೊನೆಗೊಂದು ದಿನ ಕೈ ಹಿಡಿದು ತಿರುಗಿಸಿದಾಗ ಹೆಬ್ಬೆಟ್ಟಿನ ಗೆಣ್ಣಿನ ಮೇಲಿನ ಜಡ್ಡು ಕಂಡಿತು.

"ಹಾಲು ಕರೀತೀಯಾ?"

"ಊಂ ಸಾರ್. ಐದನೇ ಕ್ಲಾಸಿಂದ."

ನಮ್ಮ ಕಡೆ ಬಹಳ ಜನ ಹಾಲು ಕರೆಯೋದು ಹೆಬ್ಬೆಟ್ಟು ಮಡಚಿಯೇ. ಗೆಣ್ಣಿಗೆ ಮೊಲೆಯನ್ನು ಒತ್ತಿ ಎಳೆದರೆ ಬೇಗ ಇಳಿಯುತ್ತೆ. ಹಸುವಿಗೆ ನೋವಾಗುತ್ತೆ ಅಂತ ದನದ ಡಾಕ್ಟರು ಬಂದಾಗಲೆಲ್ಲ ಬಯ್ಯೋರು, ಕೇಳೋರು ಯಾರು? ದಿನಕ್ಕೆರಡು ಹೊತ್ತು, ಎರಡು ಸೀಮೆ ಹಸು. ಅಷ್ಟು ವರ್ಷ ಮಡಚಿದ ಬೆರಳು ಎರಡು ದಿನದ ಪಾಠಕ್ಕೆ ನೆಟ್ಟಗಾಗುತ್ತಾ?

"ಎರಡು ತಿಂಗಳು ಹಾಲು ಕರೀಬ್ಯಾಡ. ಸೆಲೆಕ್ಷನ್ ಮುಗಿಯೋಗಂಟ ಕೊಟ್ಟಿಗೆ ಕಡೆ ತಲೆ ಹಾಕಬ್ಯಾಡ. ಮನೇಲಿ ಯೋಳು," ಅಂದರು ಮೇಷ್ಟ್ರು.

ಸೆಲೆಕ್ಷನ್ ಇದ್ದದ್ದು ಕೆ.ಆರ್. ಪೇಟೆಯಲ್ಲಿ. ಅಲ್ಲಿ ಗೆದ್ದ ಒಬ್ಬ ಹುಡುಗಿಗೆ ಕ್ರೀಡಾ ಹಾಸ್ಟೆಲ್ಲಿನ ಸೀಟು. ಊಟ, ವಸತಿ, ಕಾಲೇಜು ಎಲ್ಲಾ ಅಲ್ಲೇ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತಿತ್ತು. ಅದು ಬಿಟ್ಟರೆ ಮನೆ ದಾಟೋ ದಾರಿ ನನಗೆ ಬೇರೆ ಇರಲಿಲ್ಲ.

ಮನೆಯಲ್ಲಿ ನಾನು ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಲಿ? ಅವ್ವ ಜಾರಿಬಿದ್ದು ಬಲಗೈ ಮುರಿದುಕೊಂಡಿದ್ದಳು. ಮೂಳೆ ಸೊಟ್ಟಗೆ ಕೂಡಿಕೊಂಡು, ಲೋಟ ಹಿಡಿದರೂ ಕೈ ನಡುಗೋದು. ಅಪ್ಪ ಕಬ್ಬಿನ ಲಾರಿ ಹತ್ತಿದರೆ ಬರೋದು ಯಾವಾಗಲೋ. ಅದಕ್ಕೆ ನಾನೇ ಒಂದು ಉಪಾಯ ಮಾಡಿ, ಹೆಬ್ಬೆಟ್ಟು ನೆಟ್ಟಗಿಟ್ಟು ಇಡೀ ಮುಷ್ಟಿಯಲ್ಲಿ ಕರೆಯೋಕೆ ಶುರು ಮಾಡಿದೆ. ಹೊಸ ಹಿಡಿತ ಒಗ್ಗದೆ ಹಸು ಒದ್ದು ಬಕೆಟ್ಟು ಉರುಳಿಸಿತು. ಅವ್ವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಹಂಗೂ ಹಿಂಗೂ ಹಸು ಒಗ್ಗಿಕೊಂಡಿತು. ಆದರೆ ಡೇರಿ ಮುಚ್ಚೋ ಹೊತ್ತಾಯ್ತು ಅಂತ ಗಾಬರಿಯಾದರೆ ಹಾಳಾದ ಬೆರಳು ತಾನಾಗಿ ಒಳಗೆ ಹೋಗೋದು.

ಕೆ.ಆರ್. ಪೇಟೆಯಲ್ಲಿ ಕೊನೆಯ ಆಟ ನಾಗಮಂಗಲದ ಹುಡುಗಿಯ ಮೇಲೆ. ಇಬ್ಬರದೂ ನಾಲ್ಕು ನಾಲ್ಕು ಚುಚ್ಚು. ಇನ್ನೊಂದು ಚುಚ್ಚು ಯಾರದೋ ಅವರದ್ದೇ ಸೀಟು. ಅವಳು ಹಿಂದೆ ಹಿಂದೆ ಸರಿಯುತ್ತಿದ್ದಳು. ಗೆದ್ದೆ ಅಂತಲೇ ಅಂದುಕೊಂಡೆ. ಅವಳು ನುಗ್ಗಿ ನನ್ನ ಕತ್ತಿಗೆ ಒಂದೇಟು ಕೊಟ್ಟಳು. ಹೆಬ್ಬೆಟ್ಟು ಮಡಚಿತು. ನನ್ನ ಕತ್ತಿ ನೆಲಕ್ಕೆ ಬೀಳೋದಕ್ಕೂ ಅವಳ ಕತ್ತಿಯ ತುದಿ ನನ್ನೆದೆಗೆ ತಾಗೋದಕ್ಕೂ ಸರಿಹೋಯಿತು. ಮೇಷ್ಟ್ರು ಬಸ್ಸಿನಲ್ಲಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದವಳು ಅವ್ವನ ಮುಂದೆ ಕೂತು ಎಲ್ಲಾ ಕಕ್ಕಿಬಿಟ್ಟೆ. ಬೆರಳಿನ ಕತೆ, ಮೇಷ್ಟ್ರು ಹೇಳಿದ್ದು, ನಾನು ಮುಚ್ಚಿಟ್ಟಿದ್ದು. ಅವ್ವ ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿ ಮೇಲೆ ಕೂತಿದ್ದಳು.

"ಗೊತ್ತಿತ್ತು ಕಣವ್ವ," ಅಂದಳು. "ನೀ ಕಾಲೇಜಿಗೆ ಓಗಿದ್ದಾಗ ನಿಮ್ಮ ಮೇಷ್ಟ್ರು ಮನೆತಂಕ ಬಂದಿದ್ರು. ಎರಡು ತಿಂಗ್ಳು ಮಗೀನ ಕೊಟ್ಟಿಗೆಗೆ ಬುಡಬ್ಯಾಡಿ ಅಂದ್ರು. ಪಕ್ಕದ ಮನೆಯೋಳ್ನ ಕೇಳಿದ್ರೆ ಬಂದು ಹಾಲು ಕರ್ಕೊಡ್ತಿದ್ಲು. ನಾನೇ ಕೇಳ್ನಿಲ್ಲ."

"ಯಾಕೆ?"

"ನೀ ಗೆದ್ದು ಒಂಟೋಗ್ಬುಟ್ರೆ ನಂಗ್ಯಾರವ್ವ ಇದ್ದಾರೆ ಅನ್ನುಸ್ತು."

ಸಾಯೋತನಕ ಇವಳನ್ನು ಮಾತಾಡಿಸಬಾರದು ಅನ್ನಿಸಿತು. ಅವಳು ಅಳಲಿಲ್ಲ, ತಪ್ಪಾಯ್ತು ಅಂತಲೂ ಅನ್ನಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕೂಗಿತು. ಇಬ್ಬರೂ ಏಳಲಿಲ್ಲ. ಎರಡನೇ ಸಲ ಕೂಗಿದಾಗ ಅವ್ವ ನನ್ನ ಮುಖ ನೋಡಿದಳು. ನಾನು ಎದ್ದು ಬಕೆಟ್ಟು ತಗೊಂಡು ಹೋದೆ.