ಯಾವ ಎಂಟು ತಾಸಿನ ರೊಟ್ಟಿ?

ಸಿಂಧನೂರಿನ ಹತ್ತಿ ಗಿರಣಿ ನೆನಪಾದ್ರ ಈಗೂ ಕನಸು ಕಂಡಂಗ ಆಕೈತಿ. ಹತ್ತಿ ಎಳಿ ಗಾಳ್ಯಾಗ ತೇಲಿ ತೇಲಿ, ಹರೇದ ಹುಡುಗ್ಯಾರ ತಲಿನೂ ಬೆಳ್ಳಗಾಗಿರತಿತ್ತು. ಕೆಲಸದ ತಾಸು ಕಡಿಮಿ ಮಾಡ್ರಿ ಅಂತ ನಿಜಾಮ್ ಸರಕಾರಕ್ಕ ಬರದ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಾಕ ಹೋಗಿದ್ದೆ. ಸಾವ್ಕಾರಗ ಗೊತ್ತಾದ್ರ ಒತ್ತಿದಾಕಿ ಕೆಲಸ ಹೋಗತಿತ್ತು.

"ಎಂಟು ತಾಸು ದುಡಿತ, ಎಂಟು ತಾಸು ನಿದ್ದಿ, ಎಂಟು ತಾಸು ನಿಮ್ಮದ" ಅಂದೆ.

ಮಾಳವ್ವ ಅನ್ನಾಕಿ ಸೆರಗು ಝಾಡಿಸಿದಳು. "ಯಪ್ಪಾ, ಜ್ವಾಳ ಬೀಸೂದು, ರೊಟ್ಟಿ ಬಡಿಯೂದು ಯಾವ ಎಂಟರಾಗ ಬರತಾವ್ರಿ?"

ಅರ್ಜಿ ತಿರುವಿ ನೋಡಿದೆ. ಅದರಾಗ ರೊಟ್ಟಿ ಮಾತ ಇರಲಿಲ್ಲ.

"ಇರಲಿ ಬಿಡ್ರಿ. ಮೊದಲ ಗಿರಣೀದು ಮುಗೀಲಿ, ಒಲೀದು ಆಮ್ಯಾಲ" ಅಂತ ನಕ್ಕು ಹೆಬ್ಬೆಟ್ಟು ಒತ್ತಿದಳು. ಮಸಿ ಮ್ಯಾಲ ಒಂದು ಬಿಳಿ ಎಳಿ ಅಂಟಿತ್ತು.

ಮಸ್ಕ್ಯಾಗಿನ ಮನಿಗೆ ಬಂದಾಗ ಹೆಂಡತಿ ಬಿಸಿ ರೊಟ್ಟಿ ನೀಡಿದಳು. ಅರ್ಜಿ ಮಾತ್ರ ಆಕಿಗೆ ತೋರಿಸಲಿಲ್ಲ. ಆಕಿಗೆ ಓದಾಕ ಬರತಿತ್ತು.