ಸೀಟಿನ ಕಾಲಡಿಯ ಬಟ್ಟೆ

ಜೀಪಿನ ಸೀಟು ಸಡಿಲಾಗಿದ್ದು ನನ್ನ ಕೈಯಿಂದ. ದಾವಲಸಾಬ ಮಿಸ್ತ್ರಿಯದು ಅದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೆ ಕಾಯುವ ಕೆಲಸವಿಲ್ಲ, ನನಗೆ ಸುತ್ತಿ ಬಳಸುವ ಕೆಲಸವಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಸಂತೆಯ ಚೀಟಿ ಮತ್ತು ಬೀಗರಿಗೆ ಕ್ಷೇಮಸಮಾಚಾರ, ಇವೆರಡನ್ನು ಬಿಟ್ಟು ಹೆಚ್ಚು ಬರೆದು ಗೊತ್ತಿಲ್ಲ. ಆದರೂ ಈ ನಾಲ್ಕು ತುಂಡು ಬಟ್ಟೆಯ ಸಂಗತಿಯನ್ನು ಬಾಯಲ್ಲಿ ಹೇಳಿದಷ್ಟಕ್ಕೇ ಬಿಡಬಾರದು ಎನಿಸಿತು.

ನಮ್ಮ ಮನೆಯಲ್ಲಿ ಬಟ್ಟೆ ಕಸಕ್ಕೆ ಹೋಗುವುದಿಲ್ಲ. ಹರಿದ ಸೀರೆ, ಮೈಗಾಗದ ಅಂಗಿ, ಒಗೆದೊಗೆದು ಬಣ್ಣ ಬಿಟ್ಟ ಧೋತರ, ಎಲ್ಲವೂ ಗಂಟಾಗಿ ಟ್ರಂಕು ಸೇರುತ್ತವೆ. ಬೇಸಿಗೆ ಬಂತೆಂದರೆ ನಾನು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಅವನ್ನು ಒಂದರ ಮೇಲೊಂದು ಹೊಂದಿಸಿ ಕೌದಿ ಹೊಲಿಯುತ್ತೇನೆ. ಕೌದಿಗೂ ಸಾಲದ ಸಣ್ಣ ತುಂಡುಗಳಿಗೆ ಬೇರೆ ಉದ್ಯೋಗವಿದೆ. ಕುಂಟುವ ಮಂಚದ ಕಾಲಿಗೆ ಒಂದು ಮಡಿಕೆ, ಗಾಳಿಗೆ ಬಡಿದುಕೊಳ್ಳುವ ಕಿಟಕಿಯ ಸಂದಿಗೆ ಒಂದು ಮಡಿಕೆ, ಗಡಗಡ ನಡುಗುವ ಮಿಕ್ಸರಿನ ತಳಕ್ಕೆ ಎರಡು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕಲಿತ ದುರಸ್ತಿ ವಿದ್ಯೆ ಅಷ್ಟೇ: ಸದ್ದು ಬಂದಲ್ಲಿ ಬಟ್ಟೆ ತುರುಕುವುದು. ಗಟ್ಟಿಯಾದ ಎರಡು ವಸ್ತು ಒಂದಕ್ಕೊಂದು ತಾಕಿದರೆ ಜಗಳ, ನಡುವೆ ಮೆತ್ತಗಿನದೊಂದು ಬಂದರೆ ಸುಮ್ಮನಾಗುತ್ತವೆ. ಮಂಚಕ್ಕೆ, ಕಿಟಕಿಗೆ ನಿಜವಾದದ್ದು ಲೋಕಕ್ಕೆಲ್ಲ ನಿಜ ಎಂದು ನಾನು ತಿಳಿದಿದ್ದೆ.

ನಮ್ಮ ಹೊಲ ಸತ್ತೂರಿನ ಆಚೆ, ಎರೆ ಮಣ್ಣಿನದು. ಒಂದು ಮಳೆ ಬಿದ್ದರೆ ಸಾಕು, ಆ ದಾರಿ ಹಿಟ್ಟು ನಾದಿದಂತಾಗಿ ಸಾದಾ ಕಾರು ಹೊಟ್ಟೆಯೂರಿ ಕೂತುಬಿಡುತ್ತದೆ. ಮಗ ಮಹಾಂತೇಶ ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರ ನೋಡುತ್ತಾನೆ. ಹೊಲ ನೋಡುವವಳು ಸೊಸೆ ಶೈಲಾ. ಅವಳಿಗಾಗಿ ನಾಲ್ಕೂ ಗಾಲಿ ಎಳೆಯುವ ಹಳೆಯ ಜೀಪೊಂದು ಮನೆಗೆ ಬಂತು. ಜೀಪು ಗಟ್ಟಿಯೇ, ಆದರೆ ಶೈಲಾ ಗಿಡ್ಡ. ಆ ಸೀಟಿನಲ್ಲಿ ಕುಳಿತರೆ ಅವಳಿಗೆ ಮುಂದಿನ ದಾರಿಗಿಂತ ಸ್ಟೇರಿಂಗಿನ ಚಕ್ರವೇ ಹೆಚ್ಚು ಕಾಣುತ್ತಿತ್ತು. ಕೆಳಗೊಂದು, ಬೆನ್ನಿಗೊಂದು ದಿಂಬು ಇಟ್ಟುಕೊಂಡು ಓಡಿಸುತ್ತಿದ್ದಳು. ಬ್ರೇಕು ಒತ್ತಿದಾಗೊಮ್ಮೆ ಬೆನ್ನಿನ ದಿಂಬು ಜಾರುತ್ತಿತ್ತು. ಕೊನೆಗೆ ಮಹಾಂತೇಶ ಬ್ರಾಕೆಟ್ ತರಿಸಿದ. ಬ್ರಾಕೆಟ್ ಎಂದರೆ ದೊಡ್ಡದೇನಲ್ಲ, ಸೀಟಿಗೂ ಜೀಪಿನ ತಳಕ್ಕೂ ನಡುವೆ ಕೂರುವ ಎರಡೆರಡು ಕಾಲಿನ ಉಕ್ಕಿನ ಎರಡು ಮಣೆ. ಸೀಟು ನಾಲ್ಕು ಬೆರಳು ಮೇಲೆ, ಒಂದು ಗೇಣು ಮುಂದೆ ಬರುತ್ತದೆ. ಕಂಪನಿಯವರು ಎಲ್ಲರಿಗೂ ಒಂದೇ ಅಳತೆಯ ಸೀಟು ಮಾಡಿದರೆ, ನಮ್ಮಂಥವರು ಹೀಗೆ ಮಣೆ ಹಾಕಿಕೊಂಡು ಕೂರಬೇಕು.

ಕೂಡಿಸಲು ಬಂದವನು ಲಕಮನಹಳ್ಳಿಯಲ್ಲಿ ಗ್ಯಾರೇಜು ಇಟ್ಟಿರುವ ದಾವಲಸಾಬ. ಗಡ್ಡ ನೆರೆತಿದೆ, ಮಾತು ಕಡಿಮೆ. ನಮ್ಮ ಅಂಗಳದಲ್ಲೇ ಹಳೆಯ ಸೀಟು ಬಿಚ್ಚಿ, ತಳದ ತುಕ್ಕನ್ನು ತಿಕ್ಕಿ ತೆಗೆದು, ಬ್ರಾಕೆಟ್ ಇಟ್ಟು, ಅದರ ಮೇಲೆ ಸೀಟು ಇಟ್ಟು ಶೈಲಾಳನ್ನು ಕೂರಿಸಿದ.

"ಅಕ್ಕಾರ, ಕ್ಲಚ್ ಪೂರ್ತಿ ಒತ್ತ್ರಿ. ಒತ್ತಿದ ಮ್ಯಾಲೂ ಮೊಣಕಾಲ ಸ್ವಲ್ಪ ಮಡಚಿರಬೇಕು. ಹಾಂ. ಇನ್ನೊಂದ ಬೆರಳ ಮುಂದ ತಗೋತೇನಿ."

ನಾನು ಕಟ್ಟೆಯ ಮೇಲಿಂದ ನೋಡುತ್ತಿದ್ದೆ. "ಏನ ಮಿಸ್ತ್ರಿ, ಸೀಟ ಕೂಡ್ಸಾಕ ಬಂದೀಯೋ, ಲಗ್ನದ ಜಂಪರಕ್ಕ ಅಳತಿ ತಗೋಳಾಕ ಬಂದೀಯೋ?"

"ಲಗ್ನದ ಜಂಪರ ಬಿಗಿ ಆದ್ರ ಒಂದ ದಿನದ ತ್ರಾಸ ಅವ್ವಾರ. ಇದರಾಗ ದಿನಾ ಕೂಡಬೇಕು."

ಅಂದು ಶುಕ್ರವಾರ. ನಾಲ್ಕೂ ಬೋಲ್ಟುಗಳನ್ನು ಬೆರಳಲ್ಲಿ ಅರ್ಧ ತಿರುಗಿಸಿ ನಿಲ್ಲಿಸುವ ಹೊತ್ತಿಗೆ ನಮಾಜಿನ ಸಮಯವಾಯಿತು. ಕೈ ತೊಳೆದು ಹೊರಡುತ್ತ ಹೇಳಿದ, "ಯಾರೂ ಮುಟ್ಟಬ್ಯಾಡ್ರಿ ಅವ್ವಾರ. ಬಂದ ಬಿಗಿ ಮಾಡ್ತೇನಿ."

"ನಾ ಯಾಕ ಮುಟ್ಟಲಿ, ಅದೇನ ಹೋಳಿಗಿ ಏನ?"

ಅವನು ಓಣಿ ದಾಟಿದ ಮೇಲೆ ನಾನು ಹೋಗಿ ಸೀಟು ಅಲ್ಲಾಡಿಸಿ ನೋಡಿದೆ. ಖಟಖಟ ಎಂದಿತು. ಬಿಗಿಯದ ಬೋಲ್ಟು ಖಟಖಟ ಅನ್ನದೆ ಇನ್ನೇನು ಅನ್ನುತ್ತದೆ, ಈಗ ತಿಳಿಯುತ್ತದೆ. ಆಗ ನನಗೆ ಕೇಳಿಸಿದ್ದು ಒಂದೇ: ಸದ್ದು, ಅದಕ್ಕೆ ಮದ್ದು ಟ್ರಂಕಿನಲ್ಲಿದೆ. ಹಳೆಯ ಇಳಕಲ್ ಸೀರೆಯ ಕೆಂಪು ದಡಿ ತಂದೆ. ನಾಲ್ಕು ತುಂಡು ಕತ್ತರಿಸಿ, ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ, ಬೋಲ್ಟು ಹೋಗಲು ಬಟ್ಟೆಯಲ್ಲಿ ಸೀಳು ಕೊಟ್ಟು, ಬ್ರಾಕೆಟ್ಟಿನ ಒಂದೊಂದು ಕಾಲನ್ನೂ ತುಸು ಎತ್ತಿ ಅಡಿಗೆ ತುರುಕಿದೆ. ಹೊರಗೆ ಕಂಡ ಅಂಚನ್ನೆಲ್ಲ ನೀಟಾಗಿ ಕತ್ತರಿಸಿದೆ. ಕೌದಿಯಲ್ಲಿ ಒಳಗಿನ ತುಂಡಿನ ಅಂಚು ಹೊರಗೆ ಇಣುಕಿದರೆ ಹೊಲಿದವಳಿಗೆ ಕೆಲಸ ಬಾರದು ಎನ್ನುತ್ತಾರೆ. ನನಗೆ ಕೆಲಸ ಬರುತ್ತದೆ. ಹಾಗಾಗಿಯೇ ದಾವಲಸಾಬನ ಕಣ್ಣಿಗೆ ಏನೂ ಬೀಳಲಿಲ್ಲ. ಅವನು ಬಂದು ಮೂಲೆಯಿಂದ ಮೂಲೆಗೆ ಬಿಗಿದ. ಅವನ ಉದ್ದನೆಯ ಪಾನಾ, ಬಿಗಿ ಸಾಕಾದಾಗ ತಾನೇ ಕಟ್ ಎನ್ನುವಂಥದು, ನಾಲ್ಕು ಸಲ ಕಟ್ ಎಂದಿತು. ಎಂಟು ದಿನ ಓಡಿಸಿ ಮತ್ತೊಮ್ಮೆ ತೋರಿಸಿ ಎಂದು ಹೇಳಿ ಹೋದ.

ಆರನೆಯ ದಿನ ಶೈಲಾ ಹೊಲದ ಹಳ್ಳಕ್ಕೆ ಇಳಿಯುವಾಗ ಬ್ರೇಕು ಒತ್ತಿದಳು. ಕಾಲಿನ ಒತ್ತಡಕ್ಕೆ ಸೀಟು ಹಿಂದಕ್ಕೆ ವಾಲಿತು, ಕಾಲು ಬ್ರೇಕಿನಿಂದ ಜಾರಿತು, ಜೀಪು ಬದುವಿಗೆ ಗುದ್ದಿ ನಿಂತಿತು. ಎಡಗೈಯ ಮಣಿಕಟ್ಟು ಮುರಿಯಿತು. ಹಳ್ಳದಲ್ಲಿ ನೀರು ಹೆಚ್ಚಿದ್ದಿದ್ದರೆ ಎಂಬ ಮಾತನ್ನು ನಾನು ಬರೆಯುವುದಿಲ್ಲ.

ಮಧ್ಯಾಹ್ನ ಜೀಪನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದರು. ಮಹಾಂತೇಶ ಹೆಂಡತಿಯನ್ನು ಒಳಗೆ ಮಲಗಿಸುತ್ತಿದ್ದ. ನಾನು ಬಗ್ಗಿ ನೋಡಿದೆ. ಬೋಲ್ಟುಗಳು ಸಡಿಲಾಗಿದ್ದವು, ಒಂದು ಬಿದ್ದೇ ಹೋಗಿತ್ತು, ಮತ್ತು ಒಂದು ಕಾಲಿನಡಿಯಿಂದ ಕೆಂಪು ದಡಿ ನಾಲಿಗೆಯಂತೆ ಹೊರಗೆ ಚಾಚಿತ್ತು. ಎಳೆದೆ. ನಾಲ್ಕು ಮಡಿಕೆಯಾಗಿ ಇಟ್ಟದ್ದು ಜಜ್ಜಿ ಹಪ್ಪಳದಷ್ಟು ತೆಳ್ಳಗಾಗಿತ್ತು. ಎಷ್ಟು ತೆಳ್ಳಗಾಗಿತ್ತೋ ಅಷ್ಟು ಸಡಿಲು. ಇದನ್ನು ತಿಳಿಯಲು ಯಾವ ಶಾಲೆಯೂ ಬೇಕಿಲ್ಲ. ನಾಲ್ಕೂ ತುಂಡನ್ನು ಕಿತ್ತು, ಯಾರೂ ನೋಡದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಹಾಂತೇಶ ನನ್ನೆದುರಿಗೇ, ಸ್ಪೀಕರ್ ಹಾಕಿ, ದಾವಲಸಾಬನಿಗೆ ಫೋನು ಮಾಡಿದ. "ಏನ್ ಮಿಸ್ತ್ರಿ, ಬೋಲ್ಟ ಬಿಗಿ ಮಾಡೂದ ಮರತ್ಯೇನು? ನನ್ನ ಹೆಂಡ್ತಿ ಕೈ ಮುರದೈತಿ."

"ಯಾ ಅಲ್ಲಾ! ಬಿಗಿ ಮಾಡೀನ್ರಿ ಸಾವಕಾರ. ಪಾನಾ ಕಟ್ ಅಂದದ್ದ ನನ್ನ ಕಿವೀಲೆ ಕೇಳೀನಿ."

"ಮತ್ತ ತಾನ ಬಿಚಗೊಂಡ ಬಂತೇನು?"

ಆಚೆಯಿಂದ ಅವನು ನಿಧಾನವಾಗಿ ಅಂದ, "ಸಡ್ಲ ಆಗೈತಿ ಅಂದ್ರ ನನ್ನ ಕೈದ ತಪ್ಪ ಇರಬೇಕ್ರಿ. ವಯಸ್ಸಾತು. ಇನ್ಮ್ಯಾಲೆ ಸೀಟಿನ ಕೆಲಸ, ಬ್ರೇಕಿನ ಕೆಲಸ ನಾ ಮುಟ್ಟಾಂಗಿಲ್ಲ. ಮಂದಿ ಜೀವದ ಮಾತ ಐತಿ."

ಜಗಳಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಜಗಳಾಡಲಿಲ್ಲ, ಒಪ್ಪಿಕೊಂಡ. ಮಹಾಂತೇಶನ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ. ಅವಳಿ ಊರಿನ ಜೀಪಿನವರೆಲ್ಲ ಸೇರಿದ ವಾಟ್ಸಾಪ್ ಗುಂಪೊಂದಿದೆ. ಭಾನುವಾರ ಬಂತೆಂದರೆ ಬೇಕೆಂದೇ ಕೆಸರಿಗೆ ಹೋಗಿ ಸಿಕ್ಕಿಕೊಂಡು ಬರುವ ಮಂದಿ. ದಾವಲಸಾಬನಿಗೆ ಬರುವ ಕೆಲಸ ಹೆಚ್ಚಿನದು ಅವರದೇ. ಅಲ್ಲಿ ಬರೆದ: ದಾವಲಸಾಬನ ಹತ್ತಿರ ಯಾರೂ ಸೀಟು ಕೂಡಿಸಬೇಡಿ.

ಶೈಲಾ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದವಳು ನನ್ನನ್ನು ಕರೆದಳು. "ಅತ್ತಿ, ಆ ಮನಷ್ಯಾ ಹಂಗ ಬಿಟ್ಟ ಹೋಗೂ ಪೈಕಿ ಅಲ್ಲ. ಏನೋ ಬ್ಯಾರೇನ ಆಗೈತಿ."

"ಹೂಂ" ಎಂದೆ. ಅಷ್ಟೇ.

ನನ್ನನ್ನು ಬಲ್ಲವರಿಗೆ ಈ ಹೂಂಕಾರ ವಿಚಿತ್ರವೆನಿಸೀತು. ಬೀಗರ ಸಾರಿಗೆ ಉಪ್ಪಿಲ್ಲವೆಂದು ಮದುವೆಯ ಪಂಕ್ತಿಯಲ್ಲೇ ಕೂಗಿ ಹೇಳಿದವಳು ನಾನು. ಮುಖದ ಮೇಲೆ ಆಡುವವಳು ಎಂದು ಓಣಿಯಲ್ಲಿ ನನಗೊಂದು ಹೆಸರಿದೆ, ಆ ಹೆಸರಿನ ಬಗ್ಗೆ ಸೊಕ್ಕೂ ಇದೆ. ಆ ದಿನ ಸಂಜೆ ರೊಟ್ಟಿ ಬಡಿಯುತ್ತ ಲೆಕ್ಕ ಹಾಕಿ ನೋಡಿದರೆ, ಇಷ್ಟು ಕಾಲ ನಾನು ಮುಖದ ಮೇಲೆ ಆಡಿದ್ದೆಲ್ಲ ಇನ್ನೊಬ್ಬರ ಸಾರು, ಇನ್ನೊಬ್ಬರ ಉಪ್ಪು. ಅದಕ್ಕೆ ಎದೆಗಾರಿಕೆ ಏನೂ ಬೇಡ. ನನ್ನದೇ ತಪ್ಪಿನ ಸರದಿ ಬಂದಾಗ ಅಂಚು ಕಾಣದಂತೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನನ್ನನ್ನು ಚುಚ್ಚಿದ್ದು ದಾವಲಸಾಬನ ಮಾತು, ತನ್ನ ಕೈಯದೇ ತಪ್ಪಿರಬೇಕು ಎಂದದ್ದು. ರೊಟ್ಟಿಯ ಹದ ನನ್ನ ಅಂಗೈಗೆ ಗೊತ್ತು, ನೀರು ಅಳೆದು ಹಾಕಿದವಳಲ್ಲ. ನಾಳೆ ಯಾರೋ ಬಂದು ನಿನ್ನ ಅಂಗೈಯ ತಿಳಿವಳಿಕೆ ಹೋಗಿದೆ ಎಂದರೆ, ನಾನು ನಂಬಿಬಿಟ್ಟರೆ, ಆಮೇಲೆ ನಾನು ಯಾವ ಹಿಟ್ಟನ್ನು ಧೈರ್ಯದಿಂದ ಮುಟ್ಟಲಿ? ಗಿರಾಕಿ ಹೋದರೆ ಮತ್ತೆ ಬಂದಾರು. ಕಿವಿಯಾರೆ ಕೇಳಿದ ಸದ್ದನ್ನೇ ಸುಳ್ಳೆಂದುಕೊಂಡವನ ಕೈಗೆ ಧೈರ್ಯ ಯಾರು ತಂದುಕೊಡಬೇಕು? ಸತ್ಯ ಗೊತ್ತಿದ್ದವಳು ಲೋಕದಲ್ಲಿ ಒಬ್ಬಳೇ, ಅವಳು ರೊಟ್ಟಿ ಬಡಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ಚಹಾದ ಬಟ್ಟಲಿನ ಪಕ್ಕದಲ್ಲಿ ನಾಲ್ಕೂ ತುಂಡು ಇಟ್ಟು ಮಹಾಂತೇಶನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನಿಗೆ ಚಹಾ ನೆತ್ತಿಗೇರಿತು.

"ಅವ್ವಾ! ನಿನಗ ಯಾರ ಹೇಳಿದ್ರು... ಇರ್ಲಿ ಬಿಡು. ಗ್ರೂಪಿನ್ಯಾಗ ನಾ ತಿದ್ದತೇನಿ. ಬ್ರಾಕೆಟ್ಟ ಖರಾಬ ಇತ್ತು ಅಂತ ಬರೀತೇನಿ. ನಿನ್ನ ಹೆಸರ ಯಾಕ?"

"ಬ್ರಾಕೆಟ್ಟಿಗೆ ಬಾಯಿಲ್ಲಂತ ಅದರ ಮ್ಯಾಲೆ ಹಾಕ್ತಿ ಏನ? ಗಾಡಿ ತಗಿ. ಲಕಮನಹಳ್ಳಿಗೆ ನಡಿ."

ಗ್ಯಾರೇಜಿನಲ್ಲಿ ಜೀಪಿನವರು ಇಬ್ಬರು ನಿಂತಿದ್ದರು. ದಾವಲಸಾಬ ನನ್ನನ್ನು ನೋಡಿ ಬೈಸಿಕೊಳ್ಳಲು ಸಿದ್ಧನಾದವನಂತೆ ತಲೆ ತಗ್ಗಿಸಿದ. ನಾನು ಬಟ್ಟೆಗಳನ್ನು ಅವನ ಕೈಯಲ್ಲಿಟ್ಟೆ. "ನೀ ನಮಾಜಕ್ಕ ಹೋದಾಗ ನಾ ಬ್ರಾಕೆಟ್ಟಿನ ಬುಡಕ ಇಟ್ಟಿದ್ದೆ. ನಿನ್ನ ಬಿಗಿ ಬರೋಬ್ಬರಿ ಇತ್ತು."

ಅವನು ಒಂದು ತುಂಡನ್ನು ಬೆರಳಲ್ಲಿ ಹೊಸೆದು ನೋಡಿದ, ಬೆಳಕಿಗೆ ಹಿಡಿದು ಬೋಲ್ಟಿನ ಸೀಳು ನೋಡಿದ. ಆಮೇಲೆ ಬಿದ್ದಿದ್ದ ಟೈರಿನ ಮೇಲೆ ಕುಳಿತುಬಿಟ್ಟ.

"ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆ ಅವ್ವಾರ."

"ಹೇಳಿದ್ದಿ."

"ಕಬ್ಬಣಕ್ಕ ಕಬ್ಬಣನ ಹತ್ತಬೇಕ್ರಿ. ನಡುವ ಅರಿವಿ ಬಂದ್ರ ಅದು ದಿನಾ ಸ್ವಲ್ಪ ಸ್ವಲ್ಪ ಸಾಯ್ತೈತಿ, ಬಿಗಿನೂ ಅದರ ಕೂಡ ಸಾಯ್ತೈತಿ." ಅವನ ದನಿ ಏರಿತು. "ಅಕ್ಕಾರ ಜೀವಕ್ಕ ಏನರ ಆಗಿದ್ರ?"

"ಬೈ. ಇನ್ನೂ ಬೈ."

ಬೈಯಲಿಲ್ಲ. ತನ್ನ ಅಂಗೈ ತಾನೇ ತಿರುಗಿಸಿ ನೋಡಿಕೊಂಡ.

ನಾನು ಮಹಾಂತೇಶನ ಫೋನು ಕಸಿದುಕೊಂಡು, ಆ ಗುಂಪಿಗೆ ಮಾತು ಕಳಿಸುವುದು ಹೇಗೆ ಎಂದು ಕೇಳಿದೆ. ಇಲ್ಲಿ ಒತ್ತಿ ಹಿಡಿದು ಮಾತಾಡಬೇಕು, ಬೆರಳು ತೆಗೆದರೆ ಹೋಗಿಬಿಡುತ್ತದೆ ಎಂದ. ದಾವಲಸಾಬ ಎದ್ದು ಬಂದು, "ಬ್ಯಾಡ ಬಿಡ್ರಿ ಅವ್ವಾರ, ನನಗ ತಿಳೀತಲ್ಲ, ಸಾಕು" ಎಂದ. ನಾನು ಒತ್ತಿ ಹಿಡಿದೆ.

"ನಾ ಮಹಾಂತೇಶನ ಅವ್ವ ಮಾತಾಡಾಕತ್ತೇನಿ. ದಾವಲಸಾಬ ಸೀಟ ಬರೋಬ್ಬರಿ ಕೂಡ್ಸಿದ್ದ. ಅವ ಇಲ್ಲದಾಗ ಅದರ ಬುಡಕ ಅರಿವಿ ತುರಕಿದಾಕಿ ನಾನು. ಸೊಸಿ ಕೈ ಮುರದದ್ದು ನನ್ನಿಂದ. ಆಮ್ಯಾಲೆ ಅರಿವಿ ಮುಚ್ಚಿಟ್ಟಾಕಿನೂ ನಾನ. ಕೇಳಿದ್ರಿಲ್ಲೋ?"

ಇಷ್ಟು ಹೇಳಿ, ಇನ್ನೇನಾದರೂ ಸೇರಿಸಬೇಕೇ ಎಂದು ಒಂದು ಉಸಿರು ಯೋಚಿಸಿ, ಬೆರಳು ಎತ್ತಿದೆ.