ಕನ್ನಡಕದವರ ಗುಡ್ಡದ ದಾರಿ

ಸೋಮವಾರ ಬೆಳಿಗ್ಗೆ ಅವರ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದ, ಗೆರೆ ಎಳೆದಂಥ ಮಣ್ಣು. ಅದೇ ಕೈಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂ ಹಿಡಿದು ಕನ್ನಡಕದ ಕಾಲು ಕೂರಿಸುತ್ತಿದ್ದರು. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ತುಂಬುತೋಳಿನ ಷರಟು, ಹಣೆಯಲ್ಲಿ ಸಣ್ಣ ಕುಂಕುಮ. ಅಂಗೈಯಲ್ಲಿ ಮಾತ್ರ ಬೊಬ್ಬೆ ಒಡೆದ ಗುರುತು. ಈ ಷರಟೂ ಆ ಕೈಯೂ ಒಬ್ಬರದೇ ಅನ್ನುವುದು ನನಗೆ ತಲೆಗೇ ಹತ್ತಲಿಲ್ಲ.

ಆಗ ನಮ್ಮ ಬ್ಯಾಂಕಿಗೆ ಕಂಪ್ಯೂಟರ್ ಬಂದ ಹೊಸದು. ಹಸಿರು ಅಕ್ಷರಗಳನ್ನು ದಿಟ್ಟಿಸಿ ದಿಟ್ಟಿಸಿ ತಲೆನೋವು ಶುರುವಾಗಿ, ಗಾಂಧಿಬಜಾರಿನ ಪಕ್ಕದ ರಸ್ತೆಯಲ್ಲಿದ್ದ ಅವರ ಕನ್ನಡಕದಂಗಡಿಗೆ ಹೋಗಿದ್ದೆ. ನನಗೆ ಕೆಲಸವಿಲ್ಲದ ಕಡೆಯೂ ಮೂಗು ತೂರಿಸುವ ಚಾಳಿ ಚಿಕ್ಕಂದಿನಿಂದ ಇದೆ.

"ಸಾರ್, ಮನೆ ಕಟ್ಟಿಸ್ತಿದೀರಾ?" ಎಂದೆ.

"ಇಲ್ಲಮ್ಮ. ರಸ್ತೆ ರಿಪೇರಿ."

"ಯಾವ ರಸ್ತೆ?"

"ಎಲ್ಲಿಗೂ ಹೋಗದೇ ಇರೋ ರಸ್ತೆ," ಎಂದು ಹೇಳಿ, ಕನ್ನಡಕವನ್ನು ನನ್ನ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಸರಿ ಕೂತಿದೆಯೇ ಎಂದು ನೋಡಿದರು. ಇಷ್ಟು ಹೇಳಿ ಸುಮ್ಮನಾದರೆ ನನ್ನಂಥವಳಿಗೆ ರಾತ್ರಿ ನಿದ್ದೆ ಹತ್ತುತ್ತದೆಯೇ? ಒಂದು ವಾರ ಬಿಟ್ಟು, ಕನ್ನಡಕ ಜಾರುತ್ತಿದೆ ಎಂಬ ನೆಪ ಹೇಳಿಕೊಂಡು ಮತ್ತೆ ಹೋದೆ. ಅದು ಜಾರುತ್ತಿರಲಿಲ್ಲ. ಅದು ಅವರಿಗೂ ಗೊತ್ತಾಗಿ, ನಗುತ್ತಾ ಎಲ್ಲವನ್ನೂ ಹೇಳಿದರು.

ಅವರ ತಂದೆ ಹರಾಜಿನಲ್ಲಿ ಕೊಂಡ ಹಳೆಯ ಮಿಲಿಟರಿ ಜೀಪೊಂದು ಮನೆಯಲ್ಲಿತ್ತು. ಅವರಂತೆಯೇ ಜೀಪಿನ ಹುಚ್ಚಿದ್ದ ಕೆಲವರು ಸ್ನೇಹಿತರು: ಚಾಮರಾಜಪೇಟೆಯಲ್ಲಿ ಪ್ರೆಸ್ಸು ಇಟ್ಟಿದ್ದವರು, ಕಲಾಸಿಪಾಳ್ಯದಲ್ಲಿ ಸ್ಪೇರ್ ಪಾರ್ಟ್ಸ್ ಮಾರುವವರು, ಮಲ್ಲೇಶ್ವರದ ಒಬ್ಬ ಹಲ್ಲಿನ ಡಾಕ್ಟರು. ಭಾನುವಾರ ಬಂತೆಂದರೆ ಎಲ್ಲರೂ ಕನಕಪುರ ರಸ್ತೆಯಾಚೆಯ ಒಂದು ಗುಡ್ಡಕ್ಕೆ ಹೋಗಿ, ಹಿಂದೆ ಯಾವಾಗಲೋ ಕಲ್ಲು ಸಾಗಿಸುತ್ತಿದ್ದ ಪಾಳುಬಿದ್ದ ಗಾಡಿದಾರಿಯಲ್ಲಿ ಜೀಪು ಹತ್ತಿಸುತ್ತಿದ್ದರು. ದಾರಿ ತುದಿಯಲ್ಲಿ ಒಂದು ಬಂಡೆ. ಬಂಡೆಯ ಮೇಲೆ ಕೂತು ಕಾಫಿ ಕುಡಿದು ಇಳಿದು ಬರುವುದು, ಅಷ್ಟೇ. ಆದರೆ ಅವರದೊಂದು ಕಟ್ಟುನಿಟ್ಟು: ಜೀಪು ಹತ್ತಿಸುವವರೆಲ್ಲ ತಿಂಗಳಿಗೊಂದು ಭಾನುವಾರ ಗುದ್ದಲಿ ಹಿಡಿಯಬೇಕು. ಹಿಡಿಯದವರ ಜೀಪು ಗುಡ್ಡ ಹತ್ತುವಂತಿಲ್ಲ.

"ಬಂದು ನೋಡು. ನಮ್ಮನೆಯವರೂ ಬರ್ತಾರೆ," ಎಂದರು.

ನಮ್ಮಮ್ಮನಿಗೆ ಹೇಳಿದಾಗ ಅವಳು ಒಗ್ಗರಣೆ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದಳು. "ಮನೆ ಮುಂದೆ ಇಷ್ಟು ದೊಡ್ಡ ಗುಂಡಿ ಇದೆ. ಅದನ್ನ ಮುಚ್ಚಕ್ಕೆ ಯಾರೂ ಬರಲ್ಲ. ನೀನು ಕನಕಪುರಕ್ಕೆ ಹೋಗಿ ಮಣ್ಣು ಹೊರ್ತೀಯಾ?" ಆದರೂ ಹೋದೆ.

ಜೀಪಿನಲ್ಲಿ ಅವರ ಹೆಂಡತಿ ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆಗೆ ವಸ್ತ್ರ ಬಿಗಿದು ಕೂತಿದ್ದರು. "ಹೆಣ್ಣು ನೋಡಕ್ಕೆ ಇದೇ ಜೀಪಲ್ಲಿ ಬಂದಿದ್ರು ಕಣೆ. ನಮ್ಮಪ್ಪ, ಹುಡುಗ ಯಾವುದೋ ಇಲಾಖೆ ಆಫೀಸರ್ ಇರ್ಬೇಕು ಅಂದ್ಕೊಂಡು ಒಪ್ಕೊಂಡ್ಬಿಟ್ರು," ಎಂದು ನನ್ನ ಕಿವಿಯಲ್ಲಿ ಹೇಳಿದರು. ಮುಂದಿನ ಸೀಟಿನಿಂದ, "ನಂಗೂ ಕೇಳಿಸ್ತು," ಎಂದು ಬಂತು.

ಕೆಲಸದ ದಿನ ಜೀಪುಗಳು ಗುಡ್ಡದ ಬುಡದಲ್ಲಿ ಹೊಂಗೆ ಮರದ ಕೆಳಗೇ ನಿಲ್ಲಬೇಕು. ಮೇಲಕ್ಕೆ ಎಲ್ಲರೂ ನಡೆದೇ ಹೋಗಬೇಕು, ಬಾಂಡ್ಲಿ, ಹಾರೆ, ಗುದ್ದಲಿ ಹೊತ್ತು. ಸೀಟಿನ ಮೇಲೆ ಕೂತರೆ ದಾರಿ ಕಾಣುವುದಿಲ್ಲ ಎನ್ನುತ್ತಿದ್ದರು ಕನ್ನಡಕದವರು. ಅವರ ಕೈಯಲ್ಲಿ ಮಾತ್ರ ಗುದ್ದಲಿಯ ಜೊತೆಗೆ ಒಂದು ಕ್ಯಾನು ನೀರು. ಕುಡಿಯುವುದಕ್ಕಲ್ಲ. ದಾರಿ ಕೊರೆದುಹೋದ ಕಡೆ ನಿಂತು ಆ ನೀರನ್ನು ನಿಧಾನವಾಗಿ ಸುರಿದು, ಪಂಚೆ ಮೇಲೆತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಅಷ್ಟು ಹೊತ್ತು ಯಾರೂ ಗುದ್ದಲಿ ಎತ್ತುವಂತಿಲ್ಲ.

"ಮೊದ್ಲು ನೀರನ್ನ ಕೇಳ್ಬೇಕು," ಎನ್ನುತ್ತಿದ್ದರು. ನೀರು ಗಾಲಿಯ ಗುರುತು ಹಿಡಿದು ಸರಸರ ಇಳಿಯುತ್ತಿತ್ತು. ಮಳೆಗಾಲದಲ್ಲಿ ಅದೇ ಗುರುತು ಮೊಣಕಾಲುದ್ದದ ಕೊರಕಲಾಗುತ್ತದೆಯಂತೆ. ಅದಕ್ಕೆ ದಾರಿಗೆ ಓರೆಯಾಗಿ ಕಲ್ಲು ಹೂಳಿ, ನೀರನ್ನು ಪಕ್ಕಕ್ಕೆ ತಿರುಗಿಸುವುದೇ ಕೆಲಸ. ಕಲ್ಲು ಹೂಳಿದ ಮೇಲೆ ಮತ್ತೆ ನೀರು ಸುರಿಯುತ್ತಿದ್ದರು. ಅವತ್ತು ನೀರು ಕಲ್ಲಿಗೆ ತಾಗಿ, ಸ್ವಲ್ಪ ಯೋಚಿಸಿದ ಹಾಗೆ ನಿಂತು, ಪಕ್ಕಕ್ಕೆ ಹೊರಳಿ ದಾರಿಯಿಂದ ಇಳಿದು ಹುಲ್ಲಿನಲ್ಲಿ ಮಾಯವಾಯಿತು.

"ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತೆ ಸಾರ್?" ಎಂದು ಕೇಳಿದೆ.

"ಅದು ನೀರಿನ ಪಾಡು ಕಣಮ್ಮ. ನಮ್ಮ ಕೆಲಸ ದಾರಿ ಅಂಚಿನ ತನಕ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಿತ್ರಾನ್ನದ ಡಬ್ಬಿ ತೆರೆದಿತ್ತು.

ಆ ವರ್ಷವೇ ಅವರು ತಮ್ಮ ದೊಡ್ಡ ಕೆಲಸಕ್ಕೆ ಕೈ ಹಾಕಿದ್ದು. ಗುಡ್ಡದ ನಡುವೆ ಒಂದು ಕಡೆ ಮಳೆಗಾಲದ ತೊರೆಯೊಂದು ದಾರಿಯನ್ನು ಅಡ್ಡ ದಾಟಿ ಬಲಗಡೆ ಇಳಿಯುತ್ತಿತ್ತು. ಅಲ್ಲಿ ತಗ್ಗು ಬಿದ್ದು ಪ್ರತಿ ಸಲವೂ ಯಾರದಾದರೂ ಜೀಪು ಹೂತುಕೊಳ್ಳುತ್ತಿತ್ತು. ಒಂದು ಬೇಸಗೆಯ ಭಾನುವಾರಗಳನ್ನೆಲ್ಲ ಸುರಿದು ಆ ತಗ್ಗನ್ನು ಕಲ್ಲಿನಿಂದ ತುಂಬಿ, ತೊರೆಯನ್ನು ದಾರಿಯ ಮೇಲ್ಗಡೆಯೇ ತಡೆದು ಎಡಕ್ಕೆ ತಿರುಗಿಸಿದರು. ಸಿಮೆಂಟಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಆ ಜಾಗದ ಮೇಲೆ ಜೀಪು ಹೋದರೆ ಒಂದು ಕಲ್ಲೂ ಅಲುಗುತ್ತಿರಲಿಲ್ಲ. ತಮ್ಮ ಬಗ್ಗೆ ಒಂದು ಮಾತನ್ನೂ ಆಡದ ಮನುಷ್ಯರು ಇದೊಂದನ್ನು ಮಾತ್ರ ಅಂಗಡಿಗೆ ಬಂದವರಿಗೆಲ್ಲ ಕೌಂಟರಿನ ಗಾಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ಚಾಳೀಸು ಮಾಡಿಸಲು ಬಂದ ಮುದುಕರು ಪಾಪ, ತಲೆಯಾಡಿಸುತ್ತಿದ್ದರು.

ಗಾಂಧಿಬಜಾರಿನಲ್ಲಿ ಜೋರು ಮಳೆ ಬಂದರೆ, ಕಣ್ಣು ಪರೀಕ್ಷೆಗೆ ಕೂತವರನ್ನು ಹಾಗೇ ಕೂರಿಸಿ, ಕೊಡೆ ಹಿಡಿದು ಹೊರಗೆ ಹೋಗಿ, ನೀರು ಹರಿಯುವುದನ್ನು ನೋಡುತ್ತಾ ಮೋರಿಯ ಪಕ್ಕ ನಿಲ್ಲುತ್ತಿದ್ದರು. ಒಂದು ಸಲ ನನ್ನನ್ನೂ ಹೀಗೆ ಒಂದು ಕಣ್ಣು ಮುಚ್ಚಿಸಿ ಕೂರಿಸಿ ಹೋಗಿಬಿಟ್ಟಿದ್ದರು.

ಗುಡ್ಡದ ಬಲಗಡೆ, ಕೆಳಗೆ, ದನಕರು ನೀರು ಕುಡಿಯುವ ಒಂದು ಕುಂಟೆಯಿತ್ತು. ಅದರ ಪಕ್ಕದಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ನಮಗೆಲ್ಲ ಮಜ್ಜಿಗೆ ಕೊಡುತ್ತಿದ್ದಳು. ಅವಳು ಮೇಕೆಗಳನ್ನು ದನಿಯಿಂದ ಗುರುತಿಸುತ್ತಾಳೆಯೇ ಹೊರತು ಕಣ್ಣಿನಿಂದಲ್ಲ ಎಂದು ಕಂಡುಹಿಡಿದವರು ಕನ್ನಡಕದವರೇ. ಮುಂದಿನ ಸಲ ಗಾಜುಗಳ ಪೆಟ್ಟಿಗೆಯನ್ನು ಗುಡ್ಡಕ್ಕೇ ತಂದರು. ಅಜ್ಜಿಗೆ ಓದು ಬರದು, ಬೋರ್ಡಿನ ಅಕ್ಷರದಿಂದ ಉಪಯೋಗವಿಲ್ಲ. ಎದುರು ಬಂಡೆಯ ಮೇಲಿದ್ದ ಮೇಕೆಗಳನ್ನು ತೋರಿಸಿ, ಒಂದೊಂದೇ ಗಾಜು ಬದಲಾಯಿಸುತ್ತಾ, "ಈಗ ಕೊಂಬು ಕಾಣ್ಸುತ್ತಾ? ಈಗ?" ಎಂದು ಕೇಳುತ್ತಾ ನಂಬರು ಹಿಡಿದರು. ಕನ್ನಡಕ ಹಾಕಿಕೊಂಡ ದಿನ ಅಜ್ಜಿ ಮೊದಲು ನೋಡಿದ್ದು ಅವರ ಮುಖವನ್ನು. "ನೀನ್ ಇಷ್ಟು ಮುದ್ಕನಾ ಸಾಮಿ? ದನಿ ಹುಡುಗನ್ ತರ ಐತಲ್ಲ," ಎಂದಳು.

ವರ್ಷಗಳು ಹೋದವು. ನನ್ನ ಮದುವೆಯಾಯಿತು, ಶೇಷಾದ್ರಿಪುರದ ಬ್ರಾಂಚಿಗೆ ವರ್ಗವಾಯಿತು, ಆದರೂ ತಿಂಗಳ ಭಾನುವಾರ ತಪ್ಪಿಸುತ್ತಿರಲಿಲ್ಲ. ಒಂದು ಸಲ ಮಜ್ಜಿಗೆ ಕೊಡುವಾಗ ಅಜ್ಜಿ ಸುಮ್ಮನೆ ಮಾತಿಗೆ ಹೇಳಿದಳು. "ಕುಂಟೆ ತುಂಬೋದೇ ಬಿಟ್ಬುಡ್ತು. ಮಳೆ ಉಯ್ತದೆ, ನೀರು ಬರಾಕಿಲ್ಲ. ಮೇಕೆಗಳ್ನ ಹಳ್ಳದ್ ತಾವ ಹೊಡ್ಕಂಡು ಹೋಗ್ಬೇಕು. ಏನ್ ಪಾಪ ಮಾಡಿದ್ವೋ."

"ಯಾವಾಗಿಂದ ಅಜ್ಜಿ?" ಎಂದು ಕನ್ನಡಕದವರು ಕೇಳಿದರು.

"ಯಾರಿಗ್ಗೊತ್ತು. ನೀನು ಕನ್ನಡಕ ಕೊಟ್ಮ್ಯಾಕೆ ನಂಗೆ ಕಂಡಿದ್ದು."

ನಾವು ನಕ್ಕೆವು. ಅವರು ನಗಲಿಲ್ಲ. ಕೈಯಲ್ಲಿದ್ದ ಲೋಟದ ಮಜ್ಜಿಗೆ ಹಾಗೇ ಇತ್ತು.

ಆ ತಿಂಗಳು ಮಳೆ ಬಂದ ಮಾರನೆಯ ದಿನ ಫೋನು ಮಾಡಿದರು. "ನಾಳೆ ಬರ್ತೀಯಾ? ಗುದ್ದಲಿ ಬೇಡ." ಹೋದವರು ಮೂರೇ ಜನ, ಅವರು, ಅವರ ಹೆಂಡತಿ, ನಾನು. ತೊರೆ ಹರಿಯುತ್ತಿತ್ತು. ಎಡಕ್ಕೆ ತಿರುಗಿಸಿದ ಜಾಗದಿಂದ ಶುರುಮಾಡಿ, ಈ ಸಲ ದಾರಿಯ ಅಂಚಿನಲ್ಲಿ ನಿಲ್ಲದೆ ನೀರಿನ ಹಿಂದೆಯೇ ನಡೆದೆವು. ಲಂಟಾನದ ಪೊದೆಗೆ ನನ್ನ ಸೀರೆ ಸಿಕ್ಕಿ ಹರಿಯಿತು. ನೀರು ಗುಡ್ಡದ ಇನ್ನೊಂದು ಮಗ್ಗುಲಿಗೆ ಇಳಿದು, ಡಾಂಬರು ರಸ್ತೆಯ ಪಕ್ಕದ ಚರಂಡಿಗೆ ಸೇರಿ ಹೋಗುತ್ತಿತ್ತು. ಮತ್ತೆ ಮೇಲೆ ಹತ್ತಿ ಬಂದು, ಕಲ್ಲು ತುಂಬಿದ ಜಾಗದ ಬಲಗಡೆ ನೋಡಿದೆವು. ತೊರೆಯ ಹಳೆಯ ಜಾಡು ಅಲ್ಲೇ ಇತ್ತು, ಒಣಗಿ, ಹುಲ್ಲು ಬೆಳೆದು. ಅದರ ನುಣುಪು ಬೆಣಚುಕಲ್ಲುಗಳ ಸಾಲು ನೇರವಾಗಿ ಅಜ್ಜಿಯ ಕುಂಟೆಗೆ ಇಳಿದಿತ್ತು.

ಅವರು ತಾವೇ ಕೂರಿಸಿದ ಕಲ್ಲಿನ ಮೇಲೆ ಕೂತರು. "ಅವತ್ತು ನೀನು ಕೇಳಿದ್ದೆ," ಎಂದರು.

"ಏನ್ ಸಾರ್?"

"ಅಲ್ಲಿಂದ ಮುಂದೆ ಎಲ್ಲಿಗೆ ಅಂತ."

ನನಗೆ ನಿಜವಾಗಿಯೂ ಮರೆತುಹೋಗಿತ್ತು. ಬಾಯಿಗೆ ಬಂದದ್ದನ್ನು ಕೇಳಿದ್ದೆ, ಅಷ್ಟೇ. ಅವರು ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದರು. ನನ್ನ ಯಾವ ಮಾತನ್ನೂ ಯಾರೂ ಹಾಗೆ ಇಟ್ಟುಕೊಂಡಿರಲಿಲ್ಲ. ನನಗೆ ಅಳು ಬಂತು, ಹೆಮ್ಮೆಯೂ ಆಯಿತು, ಆ ಹೊತ್ತಿನಲ್ಲಿ ಹೆಮ್ಮೆಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅಜ್ಜಿಯ ಊರಿನಲ್ಲಿ ಯಾರೂ ಅವರನ್ನು ದೂರಿರಲಿಲ್ಲ. ಎಲ್ಲರೂ ಮಳೆಯನ್ನು ದೂರುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ದಾರಿ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಹೆಂಡತಿ ಅವರ ಮುಖ ನೋಡಿ, "ನಡೀರಿ. ಅಜ್ಜಿ ಅಲ್ಲೇ ಇದ್ದಾರೆ, ಹೇಳ್ಬಿಟ್ಟು ಬನ್ನಿ," ಎಂದರು.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. ಕನ್ನಡಕದ ಮೇಲಿಂದ ಗುಡ್ಡವನ್ನು ಒಂದು ಸಲ ನೋಡಿ, "ಒಂದ್ ಮಾತು ಕೇಳ್ಬೋದಾಗಿತ್ತಲ್ಲ ಸಾಮಿ," ಎಂದಳು. ಅಷ್ಟೇ. ಬೈದಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ.

ಅಂಗಡಿಯ ಬಾಗಿಲು ಅರ್ಧ ಎಳೆದು ಸ್ನೇಹಿತರನ್ನೆಲ್ಲ ಸೇರಿಸಿದರು. ತುಂಬಿದ ಕಲ್ಲನ್ನು ತೆಗೆದು ತೊರೆಯನ್ನು ಮೊದಲಿನ ಹಾಗೆ ಬಿಡುವುದು, ಅಲ್ಲಿಂದ ಮೇಲೆ ಇನ್ನು ಯಾರೂ ಜೀಪು ಒಯ್ಯದಿರುವುದು, ಇದು ಅವರ ಮಾತು.

"ಹತ್ತು ವರ್ಷದ ಕೆಲಸ ಕಣ್ರೀ," ಎಂದರು ಹಲ್ಲಿನ ಡಾಕ್ಟರು. "ಒಂದು ಪೈಪ್ ಹಾಕಿದ್ರೆ ಮುಗೀತು. ನೀರು ಅದರ ಪಾಡಿಗೆ, ನಾವು ನಮ್ಮ ಪಾಡಿಗೆ."

"ಪೈಪು ಒಂದೇ ಮಳೆಗೆ ಎಲೆ ಕಟ್ಕೊಳ್ಳುತ್ತೆ. ಕೆಳಗಡೆ ಹಾಕಿ ನೋಡಿದೀವಲ್ಲ."

"ಹಾಗಾದ್ರೆ ನೀರಲ್ಲೇ ದಾಟೋಣ."

"ದಾಟಿದ್ರೆ ಕೆಸರೆಲ್ಲ ಕುಂಟೆಗೆ. ಡಾಕ್ಟ್ರೇ, ನಮಗೆ ಬೇಕಾದಷ್ಟು ಗುಡ್ಡ ಇವೆ. ಅವರಿಗಿರೋದು ಒಂದು ಕುಂಟೆ."

ಡಾಕ್ಟರು ಎದ್ದು ಹೋದರು. ಇನ್ನೂ ಕೆಲವರು ಹೋದರು.

ಆ ಭಾನುವಾರ ಕಲ್ಲು ತೆಗೆಯಲು ಬಂದವರು ಅರ್ಧದಷ್ಟೇ ಜನ. ನೀರಿನ ಕ್ಯಾನು ತಂದಿರಲಿಲ್ಲ. ಮೊದಲ ಕಲ್ಲಿಗೆ ಅವರೇ ಹಾರೆ ಹಾಕಿದರು. ಅದು ಜಪ್ಪಯ್ಯ ಅಂದರೂ ಏಳಲಿಲ್ಲ. ಬೆವರು ಒರೆಸಿಕೊಂಡು, "ಇಷ್ಟು ಗಟ್ಟಿಯಾಗಿ ಯಾವನಯ್ಯ ಕೂರಿಸಿದ್ದು?" ಎಂದು ತಮ್ಮನ್ನೇ ಬೈದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಹಲ್ಲಿನ ಡಾಕ್ಟರು ನಡೆದುಕೊಂಡು ಮೇಲೆ ಬಂದರು. ಯಾರಿಗೂ ನಮಸ್ಕಾರವಿಲ್ಲ, ಮಾತಿಲ್ಲ. ಒಂದು ಹಾರೆ ಎತ್ತಿಕೊಂಡು ಅವರ ಪಕ್ಕದಲ್ಲಿ ನಿಂತರು. ಸಂಜೆಗೆ ತೊರೆಯ ಜಾಗ ಖಾಲಿಯಾಯಿತು. ಕನ್ನಡಕದವರು ಹೊಂಗೆ ಮರದ ಕೆಳಗೆ ಬಂದು ಜೀಪು ಹತ್ತುವ ಮುಂಚೆ ದಾರಿಯನ್ನು ಇನ್ನೊಂದು ಸಲ ತಿರುಗಿ ನೋಡಿದರು. ಅವರ ಪ್ರಾಣವೇ ಆ ದಾರಿಯಲ್ಲಿತ್ತು.

ಆ ವರ್ಷ ಆಮೇಲೆ ಮಳೆಯೇ ಬರಲಿಲ್ಲ. ಮರುವರ್ಷ ಬಂದದ್ದು ನೆಲ ನೆನೆಯುವಷ್ಟು. ಅವರು ಬೇರೆ ಗುಡ್ಡಗಳಿಗೆ ಹೋಗುತ್ತಿದ್ದರು, ಅಲ್ಲಿ ಗುದ್ದಲಿ ಎತ್ತುವ ಮುಂಚೆ ಕೆಳಗಿನ ಊರಿಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು. ಆದರೆ ನಾನು ಯಾವಾಗ ಅಂಗಡಿಗೆ ಹೋದರೂ ಮೊದಲ ಮಾತು ಕುಂಟೆಯದೇ. "ಒಂದ್ಸಲ ತುಂಬಿದ್ದು ನೋಡ್ಬಿಟ್ರೆ ಸಾಕು," ಎನ್ನುತ್ತಿದ್ದರು. ಮುಂದಿನ ಬೇಸಗೆಯಲ್ಲಿ, ಮಳೆ ಇನ್ನೂ ದೂರವಿದ್ದಾಗ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅಂಗಡಿಯನ್ನು ಅವರ ಹೆಂಡತಿ ನಡೆಸತೊಡಗಿದರು. ಆ ಮಳೆಗಾಲದ ಕೊನೆಯಲ್ಲಿ ಒಂದು ದಿನ ನಾನು ಅಲ್ಲಿ ಕೂತಿದ್ದಾಗ, ಕಲಾಸಿಪಾಳ್ಯದಲ್ಲಿ ಬಸ್ಸಿಳಿದು ಕೇಳಿಕೊಂಡು ಕೇಳಿಕೊಂಡು ಅಜ್ಜಿ ಬಂದಳು. ಕನ್ನಡಕದ ಒಂದು ಕಾಲು ದಾರದಲ್ಲಿ ಕಟ್ಟಿತ್ತು. "ಸಾಮಿ ಎಲ್ಲವ್ವ?" ಎಂದಳು. ಹೆಂಡತಿ ಹೇಳಿದರು. ಅಜ್ಜಿ ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಒರೆಸುತ್ತಲೇ ಇದ್ದಳು.

"ಕುಂಟೆ ಕೋಡಿ ಬಿತ್ತು. ಹೇಳಾನ ಅಂತ ಬಂದಿದ್ದೆ," ಎಂದಳು.

ಹೆಂಡತಿ ಕನ್ನಡಕವನ್ನು ಈಸಿಕೊಂಡು, ದಾರ ಬಿಚ್ಚಿ, ಸ್ಕ್ರೂ ಹುಡುಕಿದರು. ನನಗೆ ಬರುವುದು ಪ್ರಶ್ನೆ ಕೇಳುವುದೊಂದೇ ಆದ್ದರಿಂದ, "ಅಜ್ಜಿ, ಕೋಡಿ ನೀರು ಅಲ್ಲಿಂದ ಮುಂದೆ ಎಲ್ಲಿಗೆ ಹೋಯ್ತು?" ಎಂದು ಕೇಳಿದೆ.

"ಬಾ, ತೋರುಸ್ತೀನಿ," ಎಂದಳು.

ಭಾನುವಾರ ಹೋದೆವು. ಹಲ್ಲಿನ ಡಾಕ್ಟರು ಕನ್ನಡಕದವರ ಜೀಪು ಓಡಿಸಿದರು, ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಅಜ್ಜಿ ಮುಂದೆ, ನಾವು ಹಿಂದೆ. ಕೋಡಿ ನೀರು ಎರಡು ಹೊಲದ ಬದುವಿನ ಪಕ್ಕ ಹಾದು, ಒಂದು ಹುಣಸೆ ತೋಪು ದಾಟಿ, ನಾವು ಹೆಸರೇ ಕೇಳಿರದ ಕೆಳಗಿನ ಊರೊಂದರ ಕೆರೆಗೆ ಸೇರುತ್ತಿತ್ತು. ಕೆರೆಯ ಏರಿಯ ಮೇಲೆ ಕೂತಿದ್ದವರು ಹೇಳಿದರು, ಬಹಳ ವರ್ಷದಿಂದ ಈ ಕಡೆಯ ನೀರು ಬಂದೇ ಇರಲಿಲ್ಲವಂತೆ, ಯಾಕೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ಇದನ್ನು ನಾನು ಓಡಿಹೋಗಿ ಕನ್ನಡಕದವರಿಗೆ ಹೇಳಬೇಕಿತ್ತು. ಅವರಿದ್ದಿದ್ದರೆ ಕೌಂಟರಿನ ಗಾಜಿನ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತಾ, ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಕೇಳುತ್ತಿದ್ದರು.